ಹಂಪಿಯ ಆಕಾಶದಲ್ಲೊಂದು ಚುಕ್ಕೆ

ಕೇಳುಗರಿಗೆ ನಮಸ್ಕಾರ.

ಹಂಪಿಯ ಮಾತಂಗ ಬೆಟ್ಟದ ನೆತ್ತಿಯಿಂದ ಮುಂಜಾನೆ ತೆಗೆದ ಒಂದಿಷ್ಟು ಚಿತ್ರಗಳು ನನ್ನ ಬಳಿ ಇವೆ. ಕೆಳಗೆ ಅಚ್ಯುತರಾಯ ದೇವಸ್ಥಾನ, ಆಚೆ ತುಂಗಭದ್ರೆ, ಮೇಲೆ ಮೋಡವಿಲ್ಲದ ಆಕಾಶ. ಮನೆಗೆ ಬಂದು ಕಂಪ್ಯೂಟರಿನಲ್ಲಿ ತೆರೆದಾಗ ಆಕಾಶದ ಎಡ ಮೂಲೆಯಲ್ಲಿ ಅಂಚು ಮಸುಕಾದ ಬೂದು ಚುಕ್ಕೆಯೊಂದು ಕಂಡಿತು. ಹದ್ದಿರಬೇಕು ಎಂದುಕೊಂಡೆ. ಮುಂದಿನ ಚಿತ್ರದಲ್ಲಿಯೂ ಅದು ಅಲ್ಲಿಯೇ ಇತ್ತು, ಅದರ ಮುಂದಿನದರಲ್ಲಿಯೂ. ಹಾರುವ ಹಕ್ಕಿ ಹಾಗೆ ಒಂದೇ ಕಡೆ ನಿಲ್ಲುವುದಿಲ್ಲ. ಅದು ಕ್ಯಾಮೆರಾದ ಒಳಗೆ ಕುಳಿತ ದೂಳಿನ ಕಣ.

ರೀಲಿನ ಕಾಲದಲ್ಲಿ ಈ ತೊಂದರೆ ಇಷ್ಟಿರಲಿಲ್ಲ. ಪ್ರತಿ ಚಿತ್ರಕ್ಕೂ ಹೊಸ ಫಿಲ್ಮ್ ಸರಿದು ಬರುತ್ತಿತ್ತು, ಅದರ ಮೇಲೆ ಕುಳಿತ ಕಣವೂ ಅದರೊಂದಿಗೇ ಮುಂದೆ ಹೋಗುತ್ತಿತ್ತು. ಡಿಜಿಟಲ್ ಕ್ಯಾಮೆರಾದಲ್ಲಿ ಫಿಲ್ಮಿನ ಜಾಗದಲ್ಲಿ ಬೆಳಕನ್ನು ಹಿಡಿಯುವ ಸೆನ್ಸರ್ ಇರುತ್ತದೆ, ಅದು ಚಿತ್ರದಿಂದ ಚಿತ್ರಕ್ಕೆ ಬದಲಾಗುವುದಿಲ್ಲ. ಇಂದು ಕುಳಿತ ಕಣ ಮುಂದಿನ ವಾರದ ಮದುವೆಯ ಚಿತ್ರಗಳಲ್ಲಿಯೂ ಇರುತ್ತದೆ.

ಒಂದು ಸಮಾಧಾನದ ಮಾತು ಹೇಳುತ್ತೇನೆ. ದೂಳು ಸೆನ್ಸರಿನ ಮೇಲೆಯೇ ಕೂರುವುದಿಲ್ಲ, ಅದರ ಮುಂದಿರುವ ತೆಳುವಾದ ಗಾಜಿನ ಫಿಲ್ಟರಿನ ಮೇಲೆ ಕೂರುತ್ತದೆ. ಸೆನ್ಸರಿಗೆ ಬೀಳುವುದು ಅದರ ನೆರಳು ಮಾತ್ರ. ಕತ್ತಲ ಕೋಣೆಯಲ್ಲಿ ಮೊಬೈಲ್ ಟಾರ್ಚಿನ ಮುಂದೆ ಬೆರಳು ಹಿಡಿದರೆ ಗೋಡೆಯ ಮೇಲೆ ಕಡುವಾದ ನೆರಳು ಬೀಳುತ್ತದೆ. ಅದೇ ಬೆರಳನ್ನು ದೊಡ್ಡ ಕಿಟಕಿಯ ಬೆಳಕಿಗೆ ಹಿಡಿಯಿರಿ, ನೆರಳು ಕರಗಿಹೋಗುತ್ತದೆ. ಲೆನ್ಸಿನ ಅಪರ್ಚರ್, ಅಂದರೆ ಬೆಳಕು ಒಳಬರುವ ಬಾಗಿಲು, ಕೂಡ ಹೀಗೆಯೇ; ಎಫ್ ಸಂಖ್ಯೆ ಹೆಚ್ಚಿದಷ್ಟೂ ಅದು ಕಿರಿದಾಗುತ್ತದೆ. ಎಫ್ 2.8ರಲ್ಲಿ ಬಾಗಿಲು ಅಗಲವಾಗಿ ತೆರೆದಿರುವುದರಿಂದ ಚುಕ್ಕೆ ಕಾಣುವುದೇ ಇಲ್ಲ, ಎಫ್ 16ರಲ್ಲಿ ಎದ್ದು ಕಾಣುತ್ತದೆ. ನಾನು ಹಂಪಿಯಲ್ಲಿ ಬಳಸಿದ್ದು ಎಫ್ 16.

ಆದ್ದರಿಂದ ಮೊದಲು ಪರೀಕ್ಷೆ ಮಾಡಿ. ಅಪರ್ಚರ್ ಎಫ್ 16 ಅಥವಾ 22ಕ್ಕೆ ಇಟ್ಟು, ಫೋಕಸ್ ತಪ್ಪಿಸಿ, ಶುಭ್ರ ಆಕಾಶದ ಅಥವಾ ಬಿಳಿ ಗೋಡೆಯ ಒಂದು ಚಿತ್ರ ತೆಗೆಯಿರಿ. ಅದನ್ನು ಹಿಗ್ಗಿಸಿ ಮೂಲೆ ಮೂಲೆ ನೋಡಿ. ಲೆನ್ಸ್ ತೆಗೆದು ಎದುರಿನಿಂದ ನೋಡುವಾಗ ಒಂದು ವಿಷಯ ನೆನಪಿರಲಿ: ಚಿತ್ರದ ಮೇಲ್ಭಾಗದ ಕಣ ಸೆನ್ಸರಿನ ಕೆಳಭಾಗದಲ್ಲಿರುತ್ತದೆ. ಎಡ ಮಾತ್ರ ಎಡವೇ.

ಇನ್ನು ಶುಚಿ ಮಾಡುವ ಕೆಲಸ. ಈಗಿನ ಹಲವು ಕ್ಯಾಮೆರಾಗಳು ಫಿಲ್ಟರನ್ನು ಅತಿ ವೇಗವಾಗಿ ನಡುಗಿಸಿ ದೂಳು ಕೊಡವುತ್ತವೆ. 2003ರಲ್ಲಿ ಬಂದ ಒಲಿಂಪಸ್ ಇ-1 ಈ ಸೌಲಭ್ಯವನ್ನು ಮೊದಲು ತಂದಿತು. ಮೆನುವಿನಲ್ಲಿ ಅದನ್ನು ಎರಡು ಮೂರು ಬಾರಿ ನಡೆಸಿ ನೋಡಿ. ಹೋಗದಿದ್ದರೆ ರಬ್ಬರ್ ಬ್ಲೋವರ್, ಅಂದರೆ ಒತ್ತಿದರೆ ಗಾಳಿ ಊದುವ ರಬ್ಬರ್ ಬುರುಡೆ, ಕೈಗೆತ್ತಿಕೊಳ್ಳಿ.

ಫ್ಯಾನ್ ಆರಿಸಿ, ನೆಲ ಒರೆಸಿ ಅರ್ಧ ಗಂಟೆ ಬಿಟ್ಟ ಕೋಣೆಯಲ್ಲಿ ಕುಳಿತುಕೊಳ್ಳಿ. ಬ್ಯಾಟರಿ ಪೂರ್ತಿ ತುಂಬಿರಲಿ. ಕನ್ನಡಿಯುಳ್ಳ ಕ್ಯಾಮೆರಾವಾದರೆ ಮೆನುವಿನ ಶುಚಿ ಮಾಡುವ ಆಯ್ಕೆಯಿಂದಲೇ ಕನ್ನಡಿಯನ್ನು ಮೇಲೆತ್ತಬೇಕು. ನಡುವೆ ಬ್ಯಾಟರಿ ಮುಗಿದರೆ ಕನ್ನಡಿ, ಸೆನ್ಸರಿನ ಮುಂದಿನ ಪರದೆಯಾದ ಶಟರ್ ಎರಡೂ ನಿಮ್ಮ ಉಪಕರಣದ ಮೇಲೆ ಬೀಳುತ್ತವೆ. ಬ್ಲೋವರನ್ನು ಮೊದಲು ಬರಿಯ ಗಾಳಿಗೆ ನಾಲ್ಕು ಸಲ ಒತ್ತಿ, ಅದರೊಳಗಿನ ದೂಳು ಹೊರಹೋಗಲಿ. ಲೆನ್ಸ್ ತೆಗೆದ ಕ್ಯಾಮೆರಾದ ಬಾಯಿ ಕೆಳಮುಖವಾಗಿರಲಿ, ಬ್ಲೋವರಿನ ಮೂತಿ ಒಳಗೆ ತಾಗದಿರಲಿ, ಎಂಟು ಹತ್ತು ಬಾರಿ ಬಲವಾಗಿ ಊದಿ. ಕಣ ಕೆಳಕ್ಕೆ ಉದುರುತ್ತದೆ. ಬಾಯಿಂದ ಮಾತ್ರ ದಯವಿಟ್ಟು ಊದಬೇಡಿ. ಎಂಜಲಿನ ಸಣ್ಣ ಹನಿ ಒಣಗಿದರೆ ದೂಳಿಗಿಂತ ಕೆಟ್ಟ ಕಲೆಯಾಗುತ್ತದೆ. ಡಬ್ಬಿಯಲ್ಲಿ ಬರುವ ಒತ್ತಡದ ಗಾಳಿಯೂ ಬೇಡ, ಅದರಿಂದ ದ್ರವ ಸಿಡಿಯಬಹುದು.

ಪರಾಗ, ಎಣ್ಣೆ, ಸಮುದ್ರದ ಉಪ್ಪುಗಾಳಿ ಅಂಟಿಸಿದ ಕಲೆ ಗಾಳಿಗೆ ಹೋಗುವುದಿಲ್ಲ. ಅದಕ್ಕೆ ಸೆನ್ಸರಿನ ಅಳತೆಗೇ ಮಾಡಿದ ಸ್ವಾಬ್, ಅಂದರೆ ತುದಿಗೆ ಮೃದು ಬಟ್ಟೆ ಸುತ್ತಿದ ಚಪ್ಪಟೆ ಕಡ್ಡಿ, ಸಿಗುತ್ತದೆ. ಫುಲ್ ಫ್ರೇಮ್ ಎಂಬ ದೊಡ್ಡ ಸೆನ್ಸರಿಗೆ 24 ಮಿಲಿಮೀಟರ್ ಅಗಲದ್ದು, ಎಪಿಎಸ್-ಸಿ ಎಂಬ ಅದಕ್ಕಿಂತ ಚಿಕ್ಕ ಸೆನ್ಸರಿಗೆ 16ರದ್ದು. ಸೆನ್ಸರಿಗೆಂದೇ ಮಾರುವ ದ್ರವ ಒಂದೆರಡು ಹನಿ ಸಾಕು, ಹೆಚ್ಚಾದರೆ ಗೆರೆ ಉಳಿಯುತ್ತದೆ. ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದೇ ಎಳೆತ. ಸ್ವಾಬನ್ನು ಮಗುಚಿ ಇನ್ನೊಂದು ಮುಖದಿಂದ ಹಿಂದಕ್ಕೊಂದು ಎಳೆತ. ನಂತರ ಅದನ್ನು ಎಸೆದುಬಿಡಿ. ಬೆಲೆ ನೋಡಿ ಎರಡನೆಯ ಬಾರಿ ಬಳಸುವ ಆಸೆ ಬರುತ್ತದೆ, ಆದರೆ ಅದಕ್ಕೆ ಅಂಟಿದ ಮರಳಿನ ಒಂದು ಹರಳೇ ಗಾಜನ್ನು ಗೀಚಬಲ್ಲದು. ಒಂದು ಅಂಗಡಿಯಲ್ಲಿ ಕನ್ನಡಕದ ಬಟ್ಟೆಯಿಂದ ಸೆನ್ಸರ್ ಉಜ್ಜುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕ್ಯಾಮೆರಾದ ಒಡೆಯ, ಹಳ್ಳಿಯಿಂದ ಬಂದಿದ್ದ ಹುಡುಗ, ಎದುರಿಗೇ ನಂಬಿಕೆಯಿಂದ ನಿಂತಿದ್ದ. ಆ ದೃಶ್ಯ ನೆನೆದರೆ ಇಂದಿಗೂ ಹೊಟ್ಟೆ ಸಂಕಟವಾಗುತ್ತದೆ. ಕೈ ನಡುಗುವುದಾದರೆ ಈ ಹಂತವನ್ನು ಬಲ್ಲವರಿಗೆ ಬಿಡಿ. ಸೆನ್ಸರೇ ಅಲುಗಾಡಿ ಚಿತ್ರವನ್ನು ಸ್ಥಿರಗೊಳಿಸುವ, ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಗಳಿಗೆ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ.

ಒಳಗೆ ಬರುವ ದೂಳನ್ನು ಕಡಿಮೆ ಮಾಡುವುದು ಇದಕ್ಕಿಂತ ಸುಲಭ. ಲೆನ್ಸ್ ಬದಲಿಸುವಾಗ ಕ್ಯಾಮೆರಾ ಆರಿಸಿ, ಗಾಳಿಗೆ ಬೆನ್ನು ಮಾಡಿ, ಬಾಯಿ ನೆಲದ ಕಡೆ ಹಿಡಿದು ಬದಲಿಸಿ. ಲೆನ್ಸಿನ ಹಿಂಬದಿಯ ಮುಚ್ಚಳದ ಒಳಗೆ ಒಮ್ಮೆ ಇಣುಕಿ; ಎಷ್ಟೋ ಸಲ ದೂಳಿನ ತವರು ಅಲ್ಲಿಯೇ ಇರುತ್ತದೆ.

ಊದಿದ ಮೇಲೆ ಮತ್ತೊಮ್ಮೆ ಆಕಾಶದ ಚಿತ್ರ ತೆಗೆದು ಹಳೆಯದರ ಪಕ್ಕದಲ್ಲಿಡಿ. ಚುಕ್ಕೆ ಜಾಗ ಬದಲಿಸಿದ್ದರೆ ಅದು ಸಡಿಲವಾದ ಕಣ, ಇನ್ನೂ ಊದಬಹುದು. ಇದ್ದಲ್ಲಿಯೇ ಇದ್ದರೆ ಅಂಟಿದೆ ಎಂದರ್ಥ. ಹಂಪಿಯಿಂದ ಬಂದ ನನ್ನ ಕಣ ಮೊದಲ ಸಲ ಎಡ ಮೂಲೆಯಿಂದ ನಡುವಿಗೆ ಸರಿದಿತ್ತು. ಎರಡನೆಯ ಸಲ ಊದಿ ಮಹಡಿಗೆ ಹೋಗಿ ತೆಗೆದ ಚಿತ್ರದಲ್ಲಿ ನೀಲಿ ಬಿಟ್ಟು ಬೇರೇನೂ ಇರಲಿಲ್ಲ.

ನಮಸ್ಕಾರ.