ಕೋಣೆಯ ಸದ್ದು ಅಳಿಸಬೇಡಿ ರೀ

ಎಲ್ಲರಿಗೂ ನಮಸ್ಕಾರ. ಕಲಬುರಗಿಯಿಂದ ಮಾತಾಡುತ್ತಿದ್ದೇನೆ. ಹೊರಗೆ ಬಿಸಿಲು ಅಂದ್ರೆ ಬಿಸಿಲು. ಫ್ಯಾನ್ ಬಂದ್ ಮಾಡಿ ಕೂತಿದ್ದೇನೆ, ಬೆವರು ಕಣ್ಣಿಗೆ ಇಳಿಯುತ್ತಿದೆ. ಆದರೂ ಇವತ್ತೇ ಹೇಳಬೇಕು, ಇಲ್ಲದಿದ್ದರೆ ನನಗೆ ನಿದ್ದೆ ಬರಲ್ಲ.

ಕಳೆದ ವಾರ ಬೆಥೋವನ್ ಅನ್ನುವ ಪಾಶ್ಚಾತ್ಯ ಸಂಗೀತಗಾರನ ಕ್ವಾರ್ಟೆಟ್ ಬಗ್ಗೆ ಒಂದು ವಿಡಿಯೊ ಹಾಕಿದ್ದೆ. ನೋಡದವರು ಇದು ಮುಗಿದ ಮೇಲೆ ನೋಡಿ. ಅದರ ಕೆಳಗೆ ಒಂದು ಕಮೆಂಟ್: "ಸರ್, ವಿಡಿಯೊ ಛಲೋ ಅದ. ಆದ್ರ ಮ್ಯೂಸಿಕ್‌ನ್ಯಾಗ ಯಾರೋ ಮೂಗಿಲೆ ಉಸಿರು ಎಳ್ಯೋದು ಕೇಳಸ್ತದ. ಎಐ ಹಾಕಿ ಕ್ಲೀನ್ ಮಾಡ್ರಿ." ಅದಕ್ಕೆ ಮೇಲಿಂದ ಮೇಲೆ ಲೈಕ್ ಬೇರೆ!

ಆ ಉಸಿರು ಯಾರದು ಗೊತ್ತಾ? ಮೊದಲ ವಯಲಿನ್ ನುಡಿಸುವವರದು. ಕ್ವಾರ್ಟೆಟ್ ಅಂದ್ರೆ ನಾಲ್ಕೇ ಜನ. ಎರಡು ವಯಲಿನ್, ವಯಲಿನ್‌ಗಿಂತ ಸ್ವಲ್ಪ ದೊಡ್ಡದಾದ ಒಂದು ವಿಯೋಲಾ, ಇನ್ನೂ ದೊಡ್ಡದಾದ ಒಂದು ಚೆಲ್ಲೋ. ಮುಂದೆ ನಿಂತು ಕೈ ಬೀಸಿ ನಡೆಸುವವರು ಯಾರೂ ಇಲ್ಲ. ಮತ್ತೆ ನಾಲ್ವರೂ ಒಂದೇ ಹೊತ್ತಿಗೆ ಶುರು ಮಾಡುವುದು ಹೇಗೆ? ಒಬ್ಬರು ಸರಕ್ಕನೆ ಉಸಿರು ಎಳೆಯುತ್ತಾರೆ, ಉಳಿದ ಮೂವರು ಅದನ್ನು ಹಿಡಿಯುತ್ತಾರೆ, ನಾಲ್ಕೂ ಕಮಾನು ಒಟ್ಟಿಗೆ ತಂತಿಗೆ ಬೀಳುತ್ತವೆ. ಉಸಿರು ಚುರುಕಾಗಿದ್ದರೆ ಮುಂದಿನ ಸ್ವರ ಚುರುಕು. ನಿಧಾನಕ್ಕೆ ಎಳೆದರೆ ಅದೂ ನಿಧಾನ. ಅದನ್ನು ಕಸ ಅಂತೀರಾ? ಸಂಗೀತ ಶುರುವಾಗುವುದೇ ಅಲ್ಲಿಂದ ರೀ.

ನಾನು ಹೇಳುವುದು ಒಂದೇ ಮಾತು. ರೆಕಾರ್ಡಿಂಗ್‌ನಿಂದ ಹಾಡುವವರ ಉಸಿರು ತೆಗೆಯಬೇಡಿ, ಅವರು ಹಾಡಿದ ಜಾಗದ ಸದ್ದು ತೆಗೆಯಬೇಡಿ.

ಜಾಗ ಅಂದೆ. ಅಲೆಗ್ರಿ ಅನ್ನುವವರ 'ಮಿಸೆರೆರೆ' ಅಂತ ಒಂದು ಕೋರಸ್, ಅಂದ್ರೆ ಗುಂಪು ಹಾಡು, ಇದೆ. ರೋಮ್‌ನ ಸಿಸ್ಟೈನ್ ಚಾಪೆಲ್ ಅನ್ನುವ ಪ್ರಾರ್ಥನಾ ಮಂದಿರಕ್ಕಾಗಿ ಮಾಡಿದ್ದು. ಇಂಗ್ಲೆಂಡಿನ ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನವರು 1963ರಲ್ಲಿ ತಮ್ಮ ಕಾಲೇಜಿನ ಚಾಪೆಲ್‌ನಲ್ಲಿ ಅದನ್ನು ರೆಕಾರ್ಡ್ ಮಾಡಿದರು. ನಡೆಸಿದ್ದು ಡೇವಿಡ್ ವಿಲ್ಕಾಕ್ಸ್. ಮೇಲಿನ ಸ್ವರ ಹಾಡಿದ್ದು ರಾಯ್ ಗುಡ್‌ಮನ್ ಅನ್ನುವ 12 ವರ್ಷದ ಹುಡುಗ. ಹೆಡ್‌ಫೋನ್ ಹಾಕಿಕೊಂಡು ಕೇಳಿ. ಹುಡುಗನ ದನಿ ಮೇಲೆ, ಮೇಲೆ ಹೋಗುತ್ತದೆ. ಅವನು ಬಾಯಿ ಮುಚ್ಚಿದ ಮೇಲೂ ಆ ಕಲ್ಲಿನ ಚಾವಣಿ ಅದನ್ನು ಬಿಡುವುದಿಲ್ಲ, ಹಿಡಿದುಕೊಂಡೇ ಇರುತ್ತದೆ, ಉಳಿದವರು ಅದರ ಬಾಲ ಹಿಡಿದು ಮುಂದಿನ ಸಾಲು ಎತ್ತಿಕೊಳ್ಳುತ್ತಾರೆ. ಆ ಬಾಲ ಕತ್ತರಿಸಿದರೆ ಏನು ಉಳಿಯಿತು? ಒಬ್ಬ ಹುಡುಗ ಜೋರಾಗಿ ಕೂಗಿದ ಅಷ್ಟೇ.

ಥಾಮಸ್ ಟಾಲಿಸ್ ಅಂತ ಇನ್ನೊಬ್ಬರು. 16ನೇ ಶತಮಾನದವರು. 40 ದನಿಗೆ ಒಂದು ಹಾಡು ಮಾಡಿದರು, ಐದೈದು ಜನರ ಎಂಟು ಗುಂಪು. ಒಬ್ಬೊಬ್ಬರದೂ ಬೇರೆ ಸಾಲು! ಗೋಡೆಗೆಲ್ಲ ಸ್ಪಂಜು ಬಡಿದ ಕೋಣೆಯಲ್ಲಿ ಅದನ್ನು ಹಾಡಿಸಿ ನೋಡಿ, ಸಂತೆ ಆಗುತ್ತದೆ. ಆ ನಲವತ್ತನ್ನು ಕಲಸಿ ಒಂದು ಮಾಡುವುದು ಜಾಗ.

ನಂಬಿಕೆ ಬರಲಿಲ್ಲವಾ? ನಮ್ಮ ಕೋಟೆಗೆ ಹೋಗಿ. ಅಲ್ಲಿನ ಜಾಮಾ ಮಸೀದಿ 1367ರದ್ದು, ತೆರೆದ ಅಂಗಳವೇ ಇಲ್ಲ, ಪೂರ್ತಿ ಮೇಲೆ ಗುಮ್ಮಟಗಳು. ಕಮಾನಿನ ಕೆಳಗೆ ನಿಂತು ಮೆಲ್ಲಗೆ ಮಾತಾಡಿ. ನಿಮ್ಮ ದನಿ ನಿಮಗೇ ಬೇರೆ ಅನಿಸುತ್ತದೆ. ಆಮೇಲೆ ಬಂದು ಕಮೆಂಟ್ ಹಾಕಿ.

ಈ ಕ್ಲೀನ್ ಮಾಡುವ ಸಾಫ್ಟ್‌ವೇರ್ ಏನು ಮಾಡುತ್ತದೆ? ಸಣ್ಣ ಸದ್ದು, ಕರಗುತ್ತಾ ಹೋಗುವ ಸದ್ದು ಕಂಡರೆ ನಾಯ್ಸ್ ಅಂದುಕೊಳ್ಳುತ್ತದೆ, ತೆಗೆಯುತ್ತದೆ. ಸಂಗೀತದಲ್ಲಿ ಕರಗುತ್ತಾ ಹೋಗುವುದು ಯಾವುದು? ಸ್ವರದ ಕೊನೆ! ಗುಂಪು ಹಾಡಿನ ಜೀವ ಇರುವುದೇ ಅಲ್ಲಿ.

ಇದು ನನಗೇ ಆಗಿದೆ, ಅದಕ್ಕೇ ಇಷ್ಟು ಸಿಟ್ಟು. ಹೋದ ಶ್ರಾವಣದಲ್ಲಿ ಜೇವರ್ಗಿ ಕಡೆ ನಮ್ಮ ಅಜ್ಜಿ ಊರಿಗೆ ಹೋಗಿದ್ದೆ. ಶನಿವಾರ ರಾತ್ರಿ ಹಣಮಂತ ದೇವರ ಗುಡಿಯಲ್ಲಿ ಭಜನಿ. ಕೆಳಗೆ ಶಹಾಬಾದ್ ಫರಸಿ, ಸುತ್ತ ಕಲ್ಲಿನ ಗೋಡೆ. ಒಂದು ಡಬ್ಬಿ ಬೋರಲು ಹಾಕಿ, ಅದರ ಮೇಲೆ ಟವೆಲ್ ಮಡಚಿಟ್ಟು, ಅದರ ಮೇಲೆ ನನ್ನ ಚಿಕ್ಕ ರೆಕಾರ್ಡರ್ ಇಟ್ಟೆ. (ಆ ರೆಕಾರ್ಡರ್ ಬಗ್ಗೆ ಬೇರೆ ವಿಡಿಯೊ ಇದೆ, ಲಿಂಕ್ ಕೆಳಗಿದೆ.) ಏಕತಾರಿ, ದಮ್ಮಡಿ, ತಾಳ, ಎಂಟು ಜನ. ಕಡಕೋಳ ಮಡಿವಾಳಪ್ಪನವರ ಪದ ಎತ್ತಿದರು. ನಮ್ಮ ಕಾಕಾ ಒಂದು ಸಾಲು ಹೇಳಿ ಕೊನೆ ಅಕ್ಷರ ಎಳೆಯುತ್ತಾರೆ, ಆ ಎಳೆತದ ಮೇಲೆಯೇ ಹಿಂದಿನವರು ಬಂದು ಕೂಡುತ್ತಾರೆ. ನಡುವೆ ಒಂದು ಮಗು "ಯವ್ವಾ, ನೀರು" ಅನ್ನುತ್ತದೆ.

ಆ ಮಗುವಿನ ದನಿ ತೆಗೆಸೋಣ ಅಂತ ಒಂದು ಸ್ಟುಡಿಯೊಗೆ ಕೊಟ್ಟೆ. ಮೂರು ದಿನ ಬಿಟ್ಟು ಕೊಟ್ಟರು. ಮಗು ಹೋಗಿತ್ತು. ಅದರ ಜೊತೆ ದಮ್ಮಡಿಯ ಝಣಝಣ ಹೋಗಿತ್ತು, ಗುಡಿ ಹೋಗಿತ್ತು, ಕಾಕಾ ಎಳೆಯುವ ಕೊನೆ ಅಕ್ಷರ ಪ್ರತಿ ಸಾಲಿನಲ್ಲೂ ಕತ್ತರಿಸಿ ಹೋಗಿತ್ತು. ಮೇಲಿಂದ ಯಾವುದೋ ದೊಡ್ಡ ಹಾಲ್‌ನ ಎಕೋ ಸುರಿದಿದ್ದರು. ಕಾಕಾಗೆ ಫೋನಿನಲ್ಲಿ ಕೇಳಿಸಿದೆ. ಪೂರ್ತಿ ಕೇಳಿದರು. ಆಮೇಲೆ ಕೇಳಿದರು, "ಯಾರು ಹಾಡ್ಯಾರಪಾ ಇದು?"

ಹೇಳಿ, ನಾನು ಏನು ಉತ್ತರ ಕೊಡಬೇಕಿತ್ತು?

ಈಗ ಬರುತ್ತೀರಿ ನೀವು, ಗೊತ್ತು ನನಗೆ. "ಸರ್, ನೀವೇ ಫ್ಯಾನ್ ಬಂದ್ ಮಾಡೀರಲ್ಲ?" ಹೌದು, ಮಾಡಿದ್ದೇನೆ. ಫ್ಯಾನ್ ಹಾಡುತ್ತಿಲ್ಲ ರೀ! ಬೇಡದ ಸದ್ದು ಇದ್ದರೆ ರೆಕಾರ್ಡ್ ಮಾಡುವ ಮೊದಲೇ ನಿಲ್ಲಿಸಿ. ಆಮೇಲೆ ಕತ್ತರಿ ಹಿಡಿದು ಕೂರಬೇಡಿ. "ಬಸ್ಸಿನಲ್ಲಿ ಕೇಳುವಾಗ ಸಣ್ಣ ಸದ್ದು ಕೇಳಿಸಲ್ಲ." ಹಾಗಾದರೆ ಮನೆಗೆ ಹೋಗಿ ಕೇಳಿ. "ದೊಡ್ಡ ಕಂಪನಿಗಳು ಎಲ್ಲ ಕ್ಲೀನ್ ಮಾಡ್ತಾವೆ." ಸುಮ್ನೆ ಹೇಳಬೇಡಿ. ಲಂಡನ್‌ನ ಕಿಂಗ್ಸ್‌ವೇ ಹಾಲ್‌ನಲ್ಲಿ ಮಾಡಿದ ಎಷ್ಟೋ ರೆಕಾರ್ಡಿಂಗ್‌ಗಳಲ್ಲಿ ಕೆಳಗೆ ನೆಲದಡಿ ಹೋಗುವ ರೈಲಿನ ಗುಡುಗುಡು ಕೇಳಿಸುತ್ತದೆ. ಆದರೂ ದೊಡ್ಡ ದೊಡ್ಡ ಕಂಪನಿಗಳು ವರ್ಷಗಟ್ಟಲೆ ಅಲ್ಲಿಗೇ ಹೋದವು. ಯಾಕೆ? ಆ ಹಾಲ್ ಅಷ್ಟು ಚೆನ್ನಾಗಿ ದನಿ ಕೊಡುತ್ತಿತ್ತು.

1888ರಲ್ಲಿ ಲಂಡನ್‌ನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ಸುಮಾರು 4,000 ಜನ ಸೇರಿ ಹ್ಯಾಂಡೆಲ್ ಅನ್ನುವ ಸಂಗೀತಗಾರನ ಕೋರಸ್ ಹಾಡಿದ್ದರು. ಅದನ್ನು ಎಡಿಸನ್ ಫೋನೋಗ್ರಾಫ್ ಅನ್ನುವ ಆ ಕಾಲದ ರೆಕಾರ್ಡಿಂಗ್ ಯಂತ್ರದಲ್ಲಿ, ಮೇಣದ ಸಿಲಿಂಡರ್ ಮೇಲೆ ಹಿಡಿದರು. ಇವತ್ತು ಕೇಳಿದರೆ ಬರೀ ಕರಕರ, ಅದರೊಳಗೆ ದೂರದಲ್ಲಿ ಒಂದು ಅಲೆ ಎದ್ದು ಬೀಳುತ್ತದೆ. ನಾನು ಮೊದಲ ಸಲ ಕೇಳಿದಾಗ ಮೈ ಜುಮ್ ಅಂತು. "ಕರಕರ ತೆಗೆದರೆ ಇನ್ನೂ ಚೆನ್ನಾಗಿರುತ್ತೆ" ಅಂತ ಅದರ ಬಗ್ಗೆಯೂ ಒಬ್ಬರು ಹೇಳಿದರು. ಬೇಡ. ಬೇಡ ಅಂದ್ರೆ ಬೇಡ.

ನಮ್ಮದು ತೊಗರಿ ಬೆಳೆಯುವ ನಾಡು. ಪಾಲಿಶ್ ಹೊಡೆದ ಬ್ಯಾಳಿ ಅಂಗಡಿಯಲ್ಲಿ ಮಿಂಚುತ್ತದೆ, ಬೇಯಿಸಿದರೆ ರುಚಿ ಎಲ್ಲಿದೆ? ಮನೆಯಲ್ಲಿ ಅಮ್ಮ ಅದನ್ನು ತರಬೇಡ ಅಂತಾರೆ. ಹಾಡಿಗೆ ಮಾತ್ರ ಯಾಕೆ ಪಾಲಿಶ್?

ಇಲ್ಲ, ನಾನು ಒಪ್ಪಲ್ಲ. ಎಷ್ಟು ಕಮೆಂಟ್ ಬಂದರೂ ಒಪ್ಪಲ್ಲ. ಈ ಚಾನೆಲ್‌ನಲ್ಲಿ ಯಾವ ಹಾಡೂ ಕ್ಲೀನ್ ಆಗಲ್ಲ. ಇಷ್ಟ ಆದರೆ ಸಬ್‌ಸ್ಕ್ರೈಬ್ ಮಾಡಿ. ನಿಮ್ಮೂರ ಭಜನಿ, ಚರ್ಚಿನ ಕ್ವಾಯರ್, ಮೊಹರಂ ರಿವಾಯತ್ ಏನೇ ಇದ್ದರೂ ಇದ್ದ ಹಾಗೇ ರೆಕಾರ್ಡ್ ಮಾಡಿ ಕಳಿಸಿ, ಮುಂದಿನ ಭಾನುವಾರ ಹಾಕುತ್ತೇನೆ.

ಈಗ ಅಜ್ಜಿ ಊರಿನ ಪದ ಹಾಕುತ್ತಿದ್ದೇನೆ. ಸ್ಟುಡಿಯೊದವರು ಕೊಟ್ಟಿದ್ದಲ್ಲ, ಡಬ್ಬಿ ಮೇಲೆ ಹಿಡಿದದ್ದು. ಮಗು ನೀರು ಕೇಳುವುದೂ ಇದೆ.