ಸ್ಪ್ಯಾನಿಷ್‌ನ ‘ಸು’ ಯಾರದು?

ನಮಸ್ಕಾರ. ಸ್ಪ್ಯಾನಿಷ್ ಕಲಿಯುವವರು ‘ನನ್ನ, ನಿನ್ನ, ಅವನ, ಅವಳ’ ಪಾಠಕ್ಕೆ ಬಂದಾಗ ತುಂಬಾ ತಡವರಿಸುತ್ತಾರೆ. ತಪ್ಪು ಸ್ಪ್ಯಾನಿಷ್‌ದಲ್ಲ. ಕನ್ನಡ ಗೊತ್ತಿದ್ದೂ ನಾವು ಅದನ್ನು ಇಂಗ್ಲಿಷ್ ಮೂಲಕವೇ ನೋಡುತ್ತೇವೆ, ತೊಡಕು ಅಲ್ಲಿದೆ.

ಇಂಗ್ಲಿಷ್‌ನಲ್ಲಿ ‘ಹಿಸ್’, ‘ಹರ್’ ಅನ್ನುವಾಗ ಕಣ್ಣು ಒಡೆಯರ ಮೇಲಿರುತ್ತದೆ. ಗಂಡೋ ಹೆಣ್ಣೋ ಅಂತ ತಿಳಿದರೆ ಸಾಕು. ವಸ್ತು ಒಂದಿರಲಿ, ಹತ್ತಿರಲಿ, ಪದ ಬದಲಾಗುವುದಿಲ್ಲ. ಸ್ಪ್ಯಾನಿಷ್ ನೋಡುವುದು ವಸ್ತುವನ್ನು. ‘ನನ್ನ’ ಅನ್ನಲು ಒಂದು ಪುಸ್ತಕವಾದರೆ ‘ಮಿ ಲಿಬ್ರೊ’, ಹಲವಾದರೆ ‘ಮಿಸ್ ಲಿಬ್ರೊಸ್’. ‘ನಮ್ಮ’ ಅನ್ನಬೇಕಾದರೆ ವಸ್ತುವಿನ ಲಿಂಗವೂ ಗೊತ್ತಿರಬೇಕು. ಪುಸ್ತಕ ಪುಲ್ಲಿಂಗ, ಅದಕ್ಕೆ ‘ನುಯೆಸ್ತ್ರೊ ಲಿಬ್ರೊ’. ಮನೆ ಸ್ತ್ರೀಲಿಂಗ, ಅದಕ್ಕೆ ‘ನುಯೆಸ್ತ್ರಾ ಕಾಸಾ’. ಹೇಳುವವರೆಲ್ಲ ಗಂಡಸರೇ ಆಗಿದ್ದರೂ ಅಷ್ಟೇ.

ವಿಚಿತ್ರ ಅನ್ನಿಸಿತಾ? ಈಗ ಕನ್ನಡ ನೋಡಿ. ‘ಈ ಪುಸ್ತಕ ನನ್ನದು’, ‘ಈ ಪುಸ್ತಕಗಳು ನನ್ನವು’ ಅನ್ನುತ್ತೇವೆ, ಅಲ್ವಾ? ವಸ್ತು ಹೆಚ್ಚಾದರೆ ನಮ್ಮ ಪದವೂ ಬದಲಾಗುತ್ತದೆ. ಇಂಗ್ಲಿಷ್‌ಗೆ ಎರಡಕ್ಕೂ ಒಂದೇ ‘ಮೈನ್’. ಸ್ಪ್ಯಾನಿಷ್‌ನಲ್ಲಿ ‘ಮಿಯೊ’, ‘ಮಿಯೊಸ್’.

ನನಗೆ ತುಂಬಾ ಇಷ್ಟವಾದದ್ದು ಮೈಕೈ ಮಾತು. ಇಂಗ್ಲಿಷ್‌ನಲ್ಲಿ ‘ಮೈ ಹೆಡ್ ಹರ್ಟ್ಸ್’, ಅಲ್ಲಿ ‘ನನ್ನ’ ಬೇಕೇ ಬೇಕು. ಸ್ಪ್ಯಾನಿಷ್‌ನಲ್ಲಿ ‘ಮೆ ದುಯೆಲೆ ಲಾ ಕಬೇಸಾ’. ‘ಮೆ’ ಅಂದರೆ ಇಲ್ಲಿ ‘ನನಗೆ’. ನಾವೂ ‘ನನಗೆ ತಲೆ ನೋಯುತ್ತಿದೆ’ ಅನ್ನುತ್ತೇವೆ. ನೋವು ಯಾರಿಗೆ ಅಂತ ಹೇಳಿದ ಮೇಲೆ ತಲೆ ಯಾರದು ಅಂತ ಬೇರೆ ಹೇಳಬೇಕಾ? ಇಂಗ್ಲಿಷ್ ಹಿಡಿದು ಹೋದವರು ಇಲ್ಲಿ ಸುಮ್ನೆ ‘ಮಿ’ ತುರುಕುತ್ತಾರೆ.

ಅಪಾಸ್ಟ್ರಫಿ ಹಾಕಿ ‘ಎಸ್’ ಸೇರಿಸುವ ಕೆಲಸ ಸ್ಪ್ಯಾನಿಷ್‌ನಲ್ಲಿ ಇಲ್ಲವೇ ಇಲ್ಲ. ಮರಿಯಾಳ ಮನೆ ‘ಲಾ ಕಾಸಾ ದೆ ಮರಿಯಾ’ ಆಗುತ್ತದೆ. ಮನೆ ಮೊದಲು, ಮರಿಯಾ ಆಮೇಲೆ. ಕನ್ನಡದ ಸಾಲು ಇಲ್ಲಿ ತಿರುಗುಮುರುಗು, ಅದನ್ನು ಮಾತ್ರ ಬಾಯಿಗೆ ಅಭ್ಯಾಸ ಮಾಡಿಸಬೇಕು.

ಇನ್ನು ‘ಸು’. ಅವನ, ಅವಳ, ಅವರ, ಗೌರವದ ‘ನಿಮ್ಮ’, ಎಲ್ಲವೂ ಇದೇ ಪದ. ಹೆದರಬೇಡಿ. ನಮ್ಮ ‘ಅವರ’ ಕೂಡ ಒಬ್ಬ ಹಿರಿಯರದೂ ಆಗಬಹುದು, ಹತ್ತು ಜನರದೂ ಆಗಬಹುದು. ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳುತ್ತೇವೆ. ಕೇಳುವವರಿಗೆ ಗೊಂದಲ ಆಗಬಹುದು ಅನ್ನಿಸಿದರೆ ‘ಸು ಕಾಸಾ’ ಬಿಟ್ಟು ‘ಲಾ ಕಾಸಾ ದೆ ಎಯಾ’ ಅನ್ನಿ. ಆಗ ಅದು ಅವಳ ಮನೆಯೇ, ಬೇರೆ ಯಾರದೂ ಅಲ್ಲ.