ವಿಶ್ವ ಹಿಗ್ಗುವ ವೇಗ: ಗುರುತ್ವದ ಅಲೆ, ರೇಡಿಯೋ ಅಲೆ

ಧಾರವಾಡ ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ.

ವಿಶ್ವವು ಹಿಗ್ಗುತ್ತಿದೆ ಎಂಬ ಬಗ್ಗೆ ಖಗೋಳ ವಿಜ್ಞಾನಿಗಳಲ್ಲಿ ಭಿನ್ನಾಭಿಪ್ರಾಯವಿಲ್ಲ. ಎಷ್ಟು ವೇಗವಾಗಿ ಎಂಬಲ್ಲಿ ಮಾತ್ರ ಲೆಕ್ಕಗಳು ಕೂಡಿಬರುತ್ತಿಲ್ಲ. ಆದಿಕಾಲದ ಬೆಳಕನ್ನು ಪರೀಕ್ಷಿಸಿದ ಪ್ಲಾಂಕ್ ಉಪಗ್ರಹದ ಪ್ರಕಾರ ಪ್ರತಿ ಮೆಗಾಪಾರ್ಸೆಕ್‌ಗೆ, ಎಂದರೆ ಸುಮಾರು 32.6 ಲಕ್ಷ ಜ್ಯೋತಿರ್ವರ್ಷಗಳ ದೂರಕ್ಕೆ, ಈ ವೇಗ ಸೆಕೆಂಡಿಗೆ 67.4 ಕಿಲೋಮೀಟರು. ಮಿನುಗುವ ಸೆಫೀಡ್ ನಕ್ಷತ್ರಗಳನ್ನೂ ಸೂಪರ್‌ನೋವಾ ಎಂಬ ನಕ್ಷತ್ರ ಸ್ಫೋಟಗಳನ್ನೂ ಆಧರಿಸಿದ ಅಳತೆ ಸುಮಾರು 73 ಎನ್ನುತ್ತದೆ. ಇವೆರಡನ್ನೂ ಅವಲಂಬಿಸದ ಮೂರನೆಯ ಸಾಕ್ಷಿಯೊಂದು ಬೇಕಿತ್ತು.

ಅಂಥದೊಂದು ದಾರಿಯನ್ನು ಭೌತವಿಜ್ಞಾನಿ ಬರ್ನಾರ್ಡ್ ಶುಟ್ಜ್ 1986ರಲ್ಲಿಯೇ ತೋರಿಸಿದ್ದರು. ಒಂದನ್ನೊಂದು ಸುತ್ತುತ್ತ ಡಿಕ್ಕಿಯಾಗುವ ಎರಡು ನ್ಯೂಟ್ರಾನ್ ನಕ್ಷತ್ರಗಳಿಂದ, ಎಂದರೆ ಅತಿ ಸಾಂದ್ರವಾದ ನಕ್ಷತ್ರಗಳಿಂದ, ಹೊರಡುವ ಗುರುತ್ವದ ಅಲೆಗಳ, ಎಂದರೆ ದೇಶಕಾಲದಲ್ಲಿ ಏಳುವ ತೆರೆಗಳ, ಏರಿಳಿತವೇ ಅವುಗಳ ಮೂಲ ಬಲವನ್ನು ತಿಳಿಸುತ್ತದೆ. ಭೂಮಿಗೆ ತಲುಪಿದ ಬಲವನ್ನು ಅದಕ್ಕೆ ಹೋಲಿಸಿದರೆ ದೂರ ನೇರವಾಗಿ ಸಿಗುತ್ತದೆ. ಆ ನಕ್ಷತ್ರಗಳಿದ್ದ ಗೆಲಾಕ್ಸಿಯ ಬೆಳಕು ಅದು ನಮ್ಮಿಂದ ದೂರ ಸರಿಯುವ ವೇಗವನ್ನು ಹೇಳುತ್ತದೆ. ಬೇರೆ ಯಾವ ನಕ್ಷತ್ರದ ಅಳತೆಯನ್ನೂ ಎರವಲು ಪಡೆಯಬೇಕಾಗಿಲ್ಲ ಎಂಬುದೇ ಈ ವಿಧಾನದ ನಿಜವಾದ ಹಿರಿಮೆ ಎಂದು ನಾನು ಭಾವಿಸುತ್ತೇನೆ.

2017ರ ಆಗಸ್ಟ್ 17ರಂದು ಗುರುತ್ವದ ಅಲೆಗಳನ್ನು ಪತ್ತೆಹಚ್ಚುವ ಲೈಗೊ ಮತ್ತು ವರ್ಗೊ ಉಪಕರಣಗಳು ಇಂಥ ಡಿಕ್ಕಿಯೊಂದನ್ನು ಗುರುತಿಸಿದವು, 1.7 ಸೆಕೆಂಡಿನ ಅನಂತರ ಗಾಮಾ ಕಿರಣಗಳ ಮಿಂಚೂ ಕಂಡಿತು. ಘಟನೆ ನಡೆದದ್ದು ಸುಮಾರು 13 ಕೋಟಿ ಜ್ಯೋತಿರ್ವರ್ಷ ದೂರದ ಎನ್‌ಜಿಸಿ 4993 ಗೆಲಾಕ್ಸಿಯಲ್ಲಿ. ಲೆಕ್ಕದ ಉತ್ತರ 70 ಬಂದಿತಾದರೂ, ಅದು 62ರಿಂದ 82ರವರೆಗೆ ಎಲ್ಲಿಯಾದರೂ ಇರಬಹುದಾಗಿತ್ತು.

ಇಷ್ಟೊಂದು ಅನಿಶ್ಚಿತತೆ ಏಕೆ? ಉಣಕಲ್ ಕೆರೆಯ ದಂಡೆಯಲ್ಲಿ ನಿಂತು ರೈಲಿನ ಹಾರ್ನ್ ಕೇಳಿದವರಿಗೆ, ಎಂಜಿನ್ ತಮ್ಮ ಕಡೆಗೆ ಮುಖ ಮಾಡಿ ದೂರದಲ್ಲಿದೆಯೋ, ಬೇರೆ ಕಡೆಗೆ ಮುಖ ಮಾಡಿ ಹತ್ತಿರದಲ್ಲಿದೆಯೋ ಎಂಬುದು ಸದ್ದಿನಿಂದಷ್ಟೇ ತಿಳಿಯುವುದಿಲ್ಲ. ನಕ್ಷತ್ರಗಳು ಸುತ್ತುವ ಸಮತಲಕ್ಕೆ ಲಂಬವಾದ ದಿಕ್ಕಿನಲ್ಲಿ ಗುರುತ್ವದ ಅಲೆಗಳು ಹೆಚ್ಚು ಪ್ರಬಲವಾಗಿರುತ್ತವೆ. ಆದ್ದರಿಂದ ಆ ಸಮತಲ ನಮ್ಮ ಕಡೆಗೆ ಎಷ್ಟು ವಾಲಿದೆ ಎಂದು ಗೊತ್ತಿಲ್ಲದಿದ್ದರೆ ದೂರವೂ ಖಚಿತವಾಗದು.

ಆ ವಾಲಿಕೆಯನ್ನು ತಿಳಿಸಿಕೊಟ್ಟದ್ದು ರೇಡಿಯೋ ದೂರದರ್ಶಕಗಳು. ಡಿಕ್ಕಿಯಿಂದ ಅದೇ ಲಂಬ ದಿಕ್ಕಿನಲ್ಲಿ ಚಿಮ್ಮಿದ ದ್ರವ್ಯದ ಧಾರೆಯನ್ನು, ಪರಸ್ಪರ ಬಹುದೂರ ಇರುವ ದೂರದರ್ಶಕಗಳನ್ನು ಜೋಡಿಸಿ, ಡಿಕ್ಕಿಯ 75ನೆಯ ದಿನ ಒಮ್ಮೆ ಮತ್ತು 230ನೆಯ ದಿನ ಇನ್ನೊಮ್ಮೆ ವೀಕ್ಷಿಸಲಾಯಿತು. ಧಾರೆಯು ಬೆಳಕಿನ ವೇಗದ ನಾಲ್ಕು ಪಟ್ಟು ವೇಗದಲ್ಲಿ ಸರಿದಂತೆ ತೋರಿತು. ಇದರಿಂದ ಭೌತಶಾಸ್ತ್ರದ ನಿಯಮವೇನೂ ಮುರಿಯುವುದಿಲ್ಲ. ಬೆಳಕಿಗಿಂತ ತುಸುವೇ ಕಡಿಮೆ ವೇಗದ ವಸ್ತು ಹೆಚ್ಚು ಕಡಿಮೆ ನಮ್ಮ ದಿಕ್ಕಿಗೇ ಬರುತ್ತಿದ್ದರೆ ಹೀಗೆ ಕಾಣುತ್ತದೆ. ಹಾಗಾಗಿ ಅದು ನಮ್ಮ ದೃಷ್ಟಿರೇಖೆಯಿಂದ ಸುಮಾರು 20 ಡಿಗ್ರಿಯಷ್ಟು ಮಾತ್ರ ಓರೆಯಾಗಿದೆ ಎಂದು ತಿಳಿಯಿತು. 2019ರಲ್ಲಿ ವಿಜ್ಞಾನಿ ಹೊಟೊಕೆಜಾಕಾ ಮತ್ತು ಸಂಗಡಿಗರು ಈ ಮಾಹಿತಿಯನ್ನು ಸೇರಿಸಿ ಲೆಕ್ಕ ಹಾಕಿದಾಗ ಉತ್ತರ 70.3ಕ್ಕೆ ನಿಂತಿತು, ಅನಿಶ್ಚಿತತೆ ಎರಡೂ ಕಡೆಗೆ ಸುಮಾರು 5ಕ್ಕೆ ಇಳಿಯಿತು.

ವಿವಾದ ಇದರಿಂದ ತೀರಲಿಲ್ಲ, ಏಕೆಂದರೆ 67 ಮತ್ತು 73 ಎರಡೂ ಈ ಮಿತಿಯೊಳಗೇ ಇವೆ. ರೇಡಿಯೋ ಚಿತ್ರಗಳಿರುವ ಇಂಥ ಇನ್ನೂ 15 ಘಟನೆಗಳು ದೊರೆತರೆ ತೀರ್ಪು ಸಾಧ್ಯವೆಂದೂ, ಆ ಚಿತ್ರಗಳಿಲ್ಲದಿದ್ದರೆ 50ರಿಂದ 100 ಘಟನೆಗಳು ಬೇಕಾಗುವುವೆಂದೂ ಅವರ ಅಂದಾಜು. 2019ರ ಏಪ್ರಿಲ್ 25ರಂದು ಗುರುತಿಸಿದ ಮತ್ತೊಂದು ಡಿಕ್ಕಿಯ ಬೆಳಕು ಪತ್ತೆಯಾಗಲೇ ಇಲ್ಲ, ಏಕೆಂದರೆ ಅದು ಆಕಾಶದ ಯಾವ ಭಾಗದಲ್ಲಿ ನಡೆಯಿತೆಂಬುದೇ ಸ್ಪಷ್ಟವಾಗಿರಲಿಲ್ಲ. ನೆರೆಯ ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ, ಕೇಂದ್ರ ಸಂಪುಟ 2023ರಲ್ಲಿ ಒಪ್ಪಿಗೆ ನೀಡಿದ ಲೈಗೊ-ಇಂಡಿಯಾ ಸಿದ್ಧವಾದಾಗ ಈ ದಿಕ್ಕನ್ನು ಹೆಚ್ಚು ನಿಖರವಾಗಿ ಹೇಳಲು ಸಾಧ್ಯವಾಗುತ್ತದೆ. ಆಗ 2017ರ ಘಟನೆಯ ರೇಡಿಯೋ ಹೊಳಪನ್ನು ಗಮನಿಸಿದ್ದ ಪುಣೆಯ ಬಳಿಯ ಜಿಎಂಆರ್‌ಟಿ ಎಂಬ ರೇಡಿಯೋ ದೂರದರ್ಶಕಕ್ಕೂ ಎತ್ತ ನೋಡಬೇಕೆಂಬುದು ಬೇಗನೆ ತಿಳಿಯುತ್ತದೆ.